ಗ್ರಾಫಿಕ್ ಕಾದಂಬರಿ ದೊಡ್ಡವರು ಓದುವಂಥದ್ದೇ?

ಪ್ರಶ್ನೆ: ಕಾಲೇಜಿಗೆ ಹೋಗುವ ಮಗಳು ಗ್ರಾಫಿಕ್ ಕಾದಂಬರಿಗಳನ್ನು ತರಿಸಿಕೊಂಡು ಓದುತ್ತಾಳೆ. ತಿರುವಿ ನೋಡಿದರೆ ಪುಟದ ತುಂಬ ಚಿತ್ರಗಳೇ. ಇದು ದಪ್ಪ ರಟ್ಟಿನ ಕಾಮಿಕ್ಸ್ ತಾನೆ? ದೊಡ್ಡವರೂ ಇದರ ಹಿಂದೆ ಬಿದ್ದಿರುವುದೇಕೆ?
– ಓದುಗರೊಬ್ಬರು, ಕಾರವಾರ

ಉತ್ತರ: ಕಾಮಿಕ್ಸ್ ಎನ್ನುವುದು ನಿಜ. ಆದರೆ ಒಂದು ಬದುಕನ್ನೋ ಒಂದು ಕಾಲವನ್ನೋ ಕಾದಂಬರಿಯ ಹರಹಿನಲ್ಲಿ, ಒಂದೇ ಪುಸ್ತಕವಾಗಿ ಹೇಳಲು ಹೊರಟ ಕಾಮಿಕ್ಸ್ ಇದು. ಜಿನೀವಾದ ಶಿಕ್ಷಕ ರೊಡಾಲ್ಫ್ ಟಾಫರ್ 1830ರ ದಶಕದಲ್ಲಿಯೇ ಚೌಕಗಳಲ್ಲಿ ಚಿತ್ರ ಬರೆದು, ಕೆಳಗೆ ಮಾತು ಸೇರಿಸಿ ಕಥೆಪುಸ್ತಕಗಳನ್ನು ಪ್ರಕಟಿಸಿದ್ದರು. ಈಗಿನ ಹೆಸರು ಜನಪ್ರಿಯವಾದದ್ದು, ನ್ಯೂಯಾರ್ಕಿನ ವಠಾರಗಳ ಬಡ ಯಹೂದಿಗಳ ಬದುಕನ್ನು ಚಿತ್ರಿಸಿ ವಿಲ್ ಐಸ್ನರ್ 1978ರಲ್ಲಿ ಹೊರತಂದ ಪುಸ್ತಕದಿಂದ. ನಾಜಿ ಶಿಬಿರದಿಂದ ಬದುಕಿಬಂದ ತಂದೆಯ ಕಥೆಯನ್ನು, ಯಹೂದಿಗಳನ್ನು ಇಲಿಗಳಾಗಿಯೂ ನಾಜಿಗಳನ್ನು ಬೆಕ್ಕುಗಳಾಗಿಯೂ ಬರೆದು ಹೇಳಿದ ಆರ್ಟ್ ಸ್ಪೀಗೆಲ್‌ಮನ್ ಅವರ ‘ಮೌಸ್’ 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಆ ಬಳಿಕ ಈ ಪ್ರಕಾರವನ್ನು ಮಕ್ಕಳ ಆಟವೆಂದು ತಳ್ಳಿಹಾಕುವುದು ವಿಮರ್ಶಕರಿಗೆ ಕಷ್ಟವಾಯಿತು.

ನಮ್ಮಲ್ಲಿ ಚಿತ್ರಕಥೆಯ ಓದನ್ನು ಮನೆಮನೆಗೆ ತಲುಪಿಸಿದವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಅವರ ‘ಅಮರ ಚಿತ್ರ ಕಥೆ’ 1967ರಲ್ಲಿ ಆರಂಭವಾಯಿತು. ಪುರಾಣ, ಇತಿಹಾಸಗಳಿಂದ ಹೊರಳಿ ವರ್ತಮಾನದ ಸಂಕಟಕ್ಕೆ ಮುಖ ಮಾಡಿದ್ದು 1994ರ ‘ರಿವರ್ ಆಫ್ ಸ್ಟೋರೀಸ್’. ನರ್ಮದೆಯ ಅಣೆಕಟ್ಟು, ಅದರಿಂದ ನೆಲೆ ಕಳೆದುಕೊಳ್ಳುವ ಆದಿವಾಸಿಗಳು, ಅವರ ಹೋರಾಟ ಒರಿಜಿತ್ ಸೇನ್ ಅವರ ಈ ಕೃತಿಯ ವಸ್ತು. ಕಾಳಿ ನದಿಯ ಅಣೆಕಟ್ಟುಗಳನ್ನೂ ಸೀಬರ್ಡ್ ನೌಕಾನೆಲೆಯ ನಿರಾಶ್ರಿತರನ್ನೂ ಕಂಡ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದು ದೂರದ ಕಥೆ ಎನಿಸಲಾರದು.

ನಿಮ್ಮ ಸಂಶಯಕ್ಕೆ ಅತ್ಯುತ್ತಮ ಉತ್ತರ 2011ರ ‘ಭೀಮಾಯಣ’ ಎಂದು ನನ್ನ ಭಾವನೆ. ಗೊಂಡ ಆದಿವಾಸಿ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅಂಬೇಡ್ಕರರ ಬದುಕನ್ನು ಇಲ್ಲಿ ಚಿತ್ರಿಸಿದ್ದಾರೆ. ಮನುಷ್ಯರನ್ನು ಡಬ್ಬಿಯೊಳಗೆ ಕೂಡಿಹಾಕಲು ಒಪ್ಪದೆ ಅವರು ಚೌಕಗಳನ್ನೇ ಕೈಬಿಟ್ಟು, ಗೊಂಡರ ಮನೆಗೋಡೆಯ ದಿಗ್ನಾ ವಿನ್ಯಾಸದಿಂದ ಪುಟವನ್ನು ಬಾಗುಬಾಗಾಗಿ ವಿಭಾಗಿಸಿದರು. ಸೌಮ್ಯ ಮಾತು ಹಕ್ಕಿಯಾಕಾರದ ಗುಳ್ಳೆಯಲ್ಲಿದ್ದರೆ, ಜಾತಿಯ ವಿಷವುಳ್ಳ ಮಾತಿನ ಗುಳ್ಳೆಗೆ ಚೇಳಿನ ಕೊಂಡಿಯಿದೆ. ಓದುವ ಮೊದಲೇ ಮಾತು ಕುಟುಕುತ್ತದೆ. ಬರಿಯ ಗದ್ಯದಲ್ಲಿ ಇದು ಸಾಧ್ಯವಿಲ್ಲ.

ಜನಪ್ರಿಯತೆಗೆ ಕಾರಣಗಳು ಹಲವು: ಕಾಮಿಕ್ಸ್ ಓದುತ್ತ ಬೆಳೆದವರು ದೊಡ್ಡವರಾದರು, ಪತ್ರಿಕೆಯಂಗಡಿಯ ಸಂಚಿಕೆಗಳು ಬೈಂಡಾಗಿ ಗ್ರಂಥಾಲಯ ಸೇರಿದವು, ‘ಮಂಗಾ’ ಎಂಬ ಜಪಾನಿನ ಕಾಮಿಕ್ಸ್ ಲೋಕವ್ಯಾಪಿಯಾಯಿತು, ಇರಾನಿನ ಕ್ರಾಂತಿಯನ್ನು ಬಾಲಕಿಯ ಕಣ್ಣಿನಿಂದ ಕಾಣಿಸಿದ ಮರ್ಜಾನೆ ಸತ್ರಪಿಯವರ ‘ಪರ್ಸೆಪೊಲಿಸ್’ 2007ರಲ್ಲಿ ಸಿನಿಮಾ ಆಯಿತು.

ಕನ್ನಡದಲ್ಲಿ ಇಂಥವು ವಿರಳವಾಗಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಬಣ್ಣದ ಮುದ್ರಣಕ್ಕೆ ಹಣ ಬೇಕು; ಅನುವಾದದಲ್ಲಿ, ಇಂಗ್ಲಿಷಿನ ಅಳತೆಗೆ ಬರೆದ ಗುಳ್ಳೆಯೊಳಗೆ ಒತ್ತಕ್ಷರಗಳಿಂದಾಗಿ ಸಾಲುಗಳ ನಡುವೆ ಹೆಚ್ಚು ಜಾಗ ಕೇಳುವ ಕನ್ನಡವನ್ನು ಕೂರಿಸುವುದೇ ಕಷ್ಟ. ಆದ್ದರಿಂದ ಅನುವಾದಕ್ಕಿಂತ ಇಲ್ಲಿಯೇ ಹುಟ್ಟುವ ಕೃತಿಗಳ ಮೇಲೆ ನನಗೆ ಹೆಚ್ಚು ಭರವಸೆ. ಕಥೆಗಳಿಗಂತೂ ಬರವಿಲ್ಲ: 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಜನರು ಮರಗಳನ್ನು ಅಪ್ಪಿ ನಿಂತ ಚಳವಳಿಯೊಂದೇ ಇಡೀ ಪುಸ್ತಕಕ್ಕೆ ಸಾಕು. ಸದ್ಯಕ್ಕೆ ನೀವು ಮಗಳಿಂದ ‘ಭೀಮಾಯಣ’ವನ್ನು ಕೇಳಿ ಪಡೆಯಿರಿ, ಮೊದಲ ಸಲ ಚಿತ್ರಗಳನ್ನಷ್ಟೇ ನಿಧಾನವಾಗಿ ನೋಡಿ, ಆಮೇಲೆ ಮಾತುಗಳನ್ನು ಓದಿ.