ಕಲಾಯಿ ಬೇರೆ, ಪ್ಲೇಟಿಂಗ್ ಬೇರೆ

ಒನ್ ಗ್ರಾಂ ಗೋಲ್ಡ್ ಬಳೆ ಮಾರೋರ ಪೋಸ್ಟಲ್ಲಿ ಇವತ್ತು ಮತ್ತೆ "ಚಿನ್ನದ ಕಲಾಯಿ ಹಾಕಿದ್ದು" ಅಂತ ಓದ್ದೆ, ಈ ವಾರ ಇದು ಮೂರನೇ ಸಲ. ಚಿನ್ನದಲ್ಲಿ ಕಲಾಯಿ ಹಾಕಕ್ಕೆ ಆಗಲ್ಲ ರೀ, ಆ ಪದದೊಳಗೇ ತವರ ಕೂತಿದೆ. ಅರಬ್ಬಿಯಲ್ಲಿ ತವರಕ್ಕೆ ಕಲಈ ಅಂತಾರೆ, ಅದೇ ಪಾರ್ಸಿ, ಉರ್ದು ದಾಟ್ಕೊಂಡು ನಮ್ಮಲ್ಲಿ ಕಲಾಯಿ ಆಗಿದ್ದು. ಹಿತ್ತಾಳೆ ಪಾತ್ರೇಲಿ ಹುಳಿ, ಮಜ್ಜಿಗೆ ಇಟ್ರೆ ಕಿಲುಬುತ್ತಲ್ಲ, ಅದಕ್ಕೇ ಈ ಕೆಲಸ. ಪಾತ್ರೇನ ಕೆಂಡದ ಮೇಲೆ ಕಾಯಿಸಿ ನವಸಾಗರದ ಪುಡಿ ಉದುರಿಸಿದ್ರೆ ಬುಸ್ಸಂತ ಬಿಳಿ ಹೊಗೆ ಏಳುತ್ತೆ, ಆಗ ತವರದ ಕಡ್ಡಿ ತಾಗಿಸಿ, ಕರಗಿದ್ದನ್ನ ಅರಿವೆ ಉಂಡೇಲಿ ಸರಸರ ಉಜ್ಜಬೇಕು, ಒಳಗೆಲ್ಲ ಬೆಳ್ಳಗಾಗುತ್ತೆ. ಇದರಲ್ಲಿ ಕರೆಂಟಿನ ಮಾತೇ ಇಲ್ಲ.

ಬಳೆ ಮೇಲೆ ಚಿನ್ನ ಕೂರಿಸೋದು ಎಲೆಕ್ಟ್ರೋಪ್ಲೇಟಿಂಗಲ್ಲಿ, ಅಂದ್ರೆ ಕರೆಂಟ್ ಹರಿಸಿ; ಇದರಲ್ಲಿ ಬಳಿಯೋದು, ಉಜ್ಜೋದು ಯಾವುದೂ ಇಲ್ಲ. ಪಠ್ಯಪುಸ್ತಕದ ವಿದ್ಯುಲ್ಲೇಪನ ಪದಾನೂ ಸ್ವಲ್ಪ ದಾರಿ ತಪ್ಪಿಸುತ್ತೆ, ಲೇಪನ ಅಂದಕೂಡ್ಲೇ ಗಂಧ ತೇಯ್ದು ಹಚ್ಚಿದ ಹಾಗೆ ಅನ್ಸುತ್ತೆ. ಒಂದು ಹಿತ್ತಾಳೆ ಬೀಗದ ಕೈನ ಮೈಲುತುತ್ತದ (ಕಾಪರ್ ಸಲ್ಫೇಟ್) ನೀಲಿ ನೀರಿಗೆ ಇಳಿಬಿಟ್ಟು ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿ, ಎದುರಿಗೆ ಒಂದು ತಾಮ್ರದ ತಗಡನ್ನ ಪಾಸಿಟಿವ್‌ಗೆ ಕೊಡಿ. ನೀರಲ್ಲಿರೋ ತಾಮ್ರದ ಅಯಾನುಗಳು (ವಿದ್ಯುತ್ ಆವೇಶ ಇರೋ ಕಣಗಳು) ಕೀ ಮೈಮೇಲೆ ಎಲೆಕ್ಟ್ರಾನ್ ಪಡೆದು ಲೋಹವಾಗಿ ಕೂರ್ತಾ ಹೋಗ್ತವೆ, ಕಡಿಮೆಯಾದಷ್ಟು ತಾಮ್ರ ಆ ತಗಡಿಂದ ಕರಗಿ ನೀರಿಗೆ ಸೇರುತ್ತೆ, ನೋಡ್ತಾ ನೋಡ್ತಾ ಹಳದಿ ಕೀ ಕೆಂಪಗಾಗುತ್ತೆ. ಲೆಕ್ಕಾನೂ ಪಕ್ಕಾ: 1 ಆಂಪಿಯರ್ ಕರೆಂಟ್ 1 ಗಂಟೆ ಹರಿದ್ರೆ ಸುಮಾರು 1.2 ಗ್ರಾಂ ತಾಮ್ರ. ಹರಿದ ಕರೆಂಟಿಗೆ ತಕ್ಕಷ್ಟೇ ಲೋಹ ಕೂರುತ್ತೆ ಅನ್ನೋ ಈ ನಿಯಮಾನ ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ 1830ರ ದಶಕದಲ್ಲೇ ಕಂಡುಹಿಡಿದಿದ್ದ. ಅದಕ್ಕೂ ಮುಂಚೆ, 1805ರಲ್ಲಿ, ಇಟಲಿಯ ವಿಜ್ಞಾನಿ ಬ್ರುನ್ಯಾಟೆಲ್ಲಿ ವೋಲ್ಟಾನ ಬ್ಯಾಟರಿ ಇಟ್ಕೊಂಡು ಬೆಳ್ಳಿ ಮೇಲೆ ಚಿನ್ನ ಕೂರಿಸಿದ್ದ.

ಜಿಐ (ಗ್ಯಾಲ್ವನೈಸ್ಡ್ ಐರನ್) ಬಕೆಟ್ ಇನ್ನೊಂದು ಗೊಂದಲ, ಅದೂ ಪ್ಲೇಟಿಂಗ್ ಅಲ್ಲ. ಗ್ಯಾಲ್ವನೈಸ್ಡ್ ಅನ್ನೋ ಹೆಸರು ವಿದ್ಯುತ್ತಿನ ಪ್ರಯೋಗ ಮಾಡಿದ ಗ್ಯಾಲ್ವಾನಿಯಿಂದ ಬಂದಿದೆ ನಿಜ, ಆದ್ರೆ ಬಕೆಟ್ಟನ್ನ ಅದ್ದಿ ತೆಗೆಯೋದು ಸುಮಾರು 450 ಡಿಗ್ರಿಲಿ ಕರಗಿದ ಸತುವಿನಲ್ಲಿ.

ಇನ್ನು ಒನ್ ಗ್ರಾಂ ಅನ್ನೋದು ವ್ಯಾಪಾರದ ಹೆಸರು, ಬಳೇಲಿ 1 ಗ್ರಾಂ ಚಿನ್ನ ಇದೆ ಅಂತ ನಂಬ್ಕೊಂಡು ತಗೋಬೇಡಿ. 1 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ದಪ್ಪಕ್ಕೆ ಕೂರಿಸಿದ್ರೆ 1 ಗ್ರಾಂ ಚಿನ್ನ 500 ಚದರ ಸೆಂಟಿಮೀಟರಿಗಿಂತ ಜಾಸ್ತಿ ಜಾಗ ಮುಚ್ಚುತ್ತೆ, ಒಂದು ಡಜನ್ ಸಣ್ಣ ಬಳೆಗೆ ಧಾರಾಳ. ಹಾಗಾಗಿ ಅಂಗಡೀಲಿ ಎಷ್ಟು ಮೈಕ್ರಾನ್ ಅಂತ ಕೇಳಿ. ಪ್ಲೇಟಿಂಗ್ ಅನ್ನಕ್ಕೆ ಮನಸ್ಸಿಲ್ಲ, ಹಳೇ ಪದಾನೇ ಬೇಕು ಅಂದ್ರೆ ಗಿಲೀಟು ಇದೆಯಲ್ಲ, ನಮ್ಮಜ್ಜಿ ಇಂಥ ಸರಕ್ಕೆ ಗಿಲೀಟಿನ ಸರ ಅಂತಲೇ ಅಂತಿದ್ರು.