ದ್ವೇಷ ಗುಂಪು: ಇದು ‘ಹಳೇ ದ್ವೇಷ’ ಅಲ್ಲ

ಇಬ್ಬರು ನಟರ ಅಭಿಮಾನಿಗಳು ಕಿತ್ತಾಡಿದರೂ ಸಾಕು, ಎದುರಿನವರು ‘ದ್ವೇಷ ಗುಂಪು’ ಆಗಿಬಿಡುತ್ತಾರೆ. ಈ ವಾರ ಮತ್ತೆ ಹಾಗೇ ಓದಿದೆ. ದಯವಿಟ್ಟು ಬೇಡ. ಇಂಗ್ಲಿಷಿನ ‘ಹೇಟ್ ಗ್ರೂಪ್’ಗೆ ನಾವು ಬಳಸುವ ಈ ಪದಕ್ಕೆ ಗಟ್ಟಿ ಅರ್ಥವಿದೆ.

ಗೊಂದಲಕ್ಕೆ ನಮ್ಮ ‘ದ್ವೇಷ’ ಪದವೇ ಅರ್ಧ ಕಾರಣ. ‘ಹಳೇ ದ್ವೇಷಕ್ಕೆ ಕೊಲೆ’ ಅಂತ ಪೇಪರಿನಲ್ಲಿ ಓದುತ್ತೇವೆ. ಹೊಲದ ಬದು, ಕೊಟ್ಟ ಸಾಲ, ಮುರಿದ ಮದುವೆ, ಹೀಗೆ ಹಿಂದೆ ಏನೋ ನಡೆದಿರುತ್ತದೆ. ಇಬ್ಬರಿಗೂ ಒಬ್ಬರನ್ನೊಬ್ಬರು ಗೊತ್ತು. ‘ಹಗೆ’ಯೂ ಅಷ್ಟೇ. ಹಗೆಯನ್ನು ತೀರಿಸಿಕೊಳ್ಳುತ್ತಾರೆ. ತೀರಿಸುವುದು ಅಂದರೆ ಏನೋ ಬಾಕಿ ಇತ್ತು ಅಂತ ಅಲ್ವಾ? ‘ಹೇಟ್ ಗ್ರೂಪ್’ನ ದ್ವೇಷದಲ್ಲಿ ಆ ಬಾಕಿಯೇ ಇರುವುದಿಲ್ಲ.

1981ರ ಮಾರ್ಚ್‌ನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮೊಬೀಲ್ ಊರಿನಲ್ಲಿ, ಬಿಳಿಯರೇ ಮೇಲು ಅನ್ನುವ ಕೂ ಕ್ಲಕ್ಸ್ ಕ್ಲಾನ್‌ನ ಇಬ್ಬರು ಕಾರಿನಲ್ಲಿ ಸುತ್ತುತ್ತಾ ಒಬ್ಬ ಕಪ್ಪು ಮನುಷ್ಯನಿಗಾಗಿ ಹುಡುಕಿದರು. ಯಾರಾದರೂ ಸರಿ. ಸಿಕ್ಕಿದವನು 19 ವರ್ಷದ ಮೈಕಲ್ ಡೊನಾಲ್ಡ್. ಅವನನ್ನು ಕೊಂದು ಮರಕ್ಕೆ ನೇತುಹಾಕಿದರು. ಅವನ ಪರಿಚಯವೇ ಅವರಿಗಿರಲಿಲ್ಲ.

ಮೈಕಲ್‌ನ ತಾಯಿ ಬ್ಯೂಲಾ ಮೇ ಡೊನಾಲ್ಡ್ ಪರವಾಗಿ ಕೋರ್ಟಿಗೆ ಹೋಗಿದ್ದು ಸದರ್ನ್ ಪಾವರ್ಟಿ ಲಾ ಸೆಂಟರ್. 1971ರಲ್ಲಿ ಅದೇ ರಾಜ್ಯದ ಮಾಂಟ್ಗೊಮರಿಯಲ್ಲಿ ಶುರುವಾದ ನಾಗರಿಕ ಹಕ್ಕುಗಳ ಸಂಸ್ಥೆ ಇದು. ಕೊಂದವರ ಮೇಲಷ್ಟೇ ಅಲ್ಲ, ಅವರಿದ್ದ ಕ್ಲಾನ್ ಸಂಘಟನೆ ಯುನೈಟೆಡ್ ಕ್ಲಾನ್ಸ್ ಆಫ್ ಅಮೆರಿಕದ ಮೇಲೂ ದಾವೆ ಹೂಡಿತು. 1987ರಲ್ಲಿ ಜ್ಯೂರಿ 70 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು. ಅಷ್ಟು ಹಣ ಆ ಸಂಘಟನೆಯ ಹತ್ತಿರ ಎಲ್ಲಿತ್ತು? ತನ್ನ ಮುಖ್ಯ ಕಚೇರಿಯ ಕಟ್ಟಡವನ್ನೇ ಆ ತಾಯಿಗೆ ಬರೆದುಕೊಡಬೇಕಾಯಿತು.

ಇಂಥ ಗುಂಪುಗಳ ಮೇಲೆ ಕಣ್ಣಿಟ್ಟು ಪಟ್ಟಿ ಮಾಡುವುದೂ ಈ ಸಂಸ್ಥೆಯ ಕೆಲಸ. ಅದರ ಅಳತೆಗೋಲು ಸರಳ: ಸಾಮಾನ್ಯವಾಗಿ ಬದಲಿಸಿಕೊಳ್ಳಲಾಗದ ಗುಣಕ್ಕಾಗಿ ಒಂದು ಇಡೀ ವರ್ಗದ ಜನರನ್ನು ಹೀಗಳೆಯುವ, ಅವರ ಮೇಲೆ ಎರಗುವ ನಂಬಿಕೆ ಅಥವಾ ನಡವಳಿಕೆ ಇರಬೇಕು. ಅದನ್ನು ಗುಂಪಿನ ಅಧಿಕೃತ ಹೇಳಿಕೆ, ಮುಖಂಡರ ಮಾತು, ಚಟುವಟಿಕೆಗಳಿಂದ ನೋಡುತ್ತಾರೆ. ಹೊಡೆದಾಟ ನಡೆದಿರಲೇಬೇಕು ಅಂತಿಲ್ಲ.

ಇನ್ನೊಂದು ತಪ್ಪು ಜಾಸ್ತಿ ಕಾಣುತ್ತದೆ: ‘ಅಮೆರಿಕ ಸರ್ಕಾರ ದ್ವೇಷ ಗುಂಪು ಎಂದು ಘೋಷಿಸಿದೆ’ ಅನ್ನುವುದು. ಇದು ಖಾಸಗಿ ಸಂಸ್ಥೆಯ ಪಟ್ಟಿ. ಹೆಸರು ಬಂದ ಮಾತ್ರಕ್ಕೆ ಗುಂಪು ನಿಷೇಧವಾಗುವುದಿಲ್ಲ. ‘ದ್ವೇಷ ಅಪರಾಧ’ ಬೇರೆ, ಅದು ಕಾನೂನಿನ ಪದ. ಅಮೆರಿಕ ಸರ್ಕಾರದ ತನಿಖಾ ಸಂಸ್ಥೆ ಎಫ್‌ಬಿಐ ಲೆಕ್ಕ ಇಡುವುದು ಆ ಅಪರಾಧಗಳದ್ದು.

ಪಟ್ಟಿ ಮಾಡುವವರೂ ಎಡವಿದ್ದಾರೆ. ಉಗ್ರವಾದದ ವಿರುದ್ಧ ಕೆಲಸ ಮಾಡುತ್ತಿದ್ದ ಬ್ರಿಟನ್ನಿನ ಮುಸ್ಲಿಂ ಮಾಜಿದ್ ನವಾಜ್ ಅವರನ್ನು ಮುಸ್ಲಿಂ ವಿರೋಧಿ ಉಗ್ರರ ಸಾಲಿಗೆ ಸೇರಿಸಿದ್ದಕ್ಕೆ 2018ರಲ್ಲಿ ಸಂಸ್ಥೆ ಕ್ಷಮೆ ಕೇಳಿತು, 33.75 ಲಕ್ಷ ಡಾಲರ್ ಕೊಟ್ಟಿತು. ಈ ಹಣೆಪಟ್ಟಿಯ ತೂಕ ಅಷ್ಟಿದೆ. ಸುಮ್ನೆ ಯಾರಿಗೋ ಅಂಟಿಸುವಂಥದ್ದಲ್ಲ.

ಅಭಿಮಾನಿಗಳ ಕಿತ್ತಾಟಕ್ಕೆ ನಮ್ಮಲ್ಲಿ ‘ಜಿದ್ದು’ ಅನ್ನುವ ಒಳ್ಳೆಯ ಪದವಿದೆ. ಅದನ್ನೇ ಬಳಸಿ.