ಬಿಟ್ಟುಹೋದ ಚಿಲ್ಲರೆ: ಮಲ್ಟಿಕ್ಲಾಸ್ ಪಾತ್ರದ ಅಟ್ಯಾಕ್ ಬೋನಸ್ ಲೆಕ್ಕದ ಹಿನ್ನೆಲೆ

ಆಟಗಾರರು ತಲಾ ಒಂದು ಕಾಲ್ಪನಿಕ ಪಾತ್ರವಾಗಿ ದಾಳ ಎಸೆದು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೂರನೇ ಆವೃತ್ತಿಯ ನಿಯಮಗಳಂತೆ ತಯಾರಾದ ಒಂದು ಪಾತ್ರದ ಹಾಳೆಯನ್ನು ಕೈಗೆತ್ತಿಕೊಳ್ಳೋಣ. ಅದರ ಮೇಲೆ ರೋಗ್ 6, ವಿಝರ್ಡ್ 3 ಎಂದು ಬರೆದಿದೆ. ಅಂದರೆ ಆರು ಲೆವೆಲ್‌ಗಳನ್ನು ಬೀಗ ಮುರಿದು ಕತ್ತಲಲ್ಲಿ ನುಸುಳುವ ಚಾಣಾಕ್ಷನಾಗಿಯೂ ಮೂರು ಲೆವೆಲ್‌ಗಳನ್ನು ಪುಸ್ತಕ ಹಿಡಿದ ಮಾಂತ್ರಿಕನಾಗಿಯೂ ಕಳೆದ, ಒಟ್ಟು ಒಂಬತ್ತನೇ ಲೆವೆಲ್ಲಿನ ಪಾತ್ರ. ಹೀಗೆ ಒಂದಕ್ಕಿಂತ ಹೆಚ್ಚು ವೃತ್ತಿ ಹಿಡಿದದ್ದೇ ಮಲ್ಟಿಕ್ಲಾಸ್ ಪಾತ್ರ. (ರೋಗ್ ಎಂಬ ಹೆಸರು ಕನ್ನಡದ ಕಿವಿಗೆ ಕಾಯಿಲೆಯಂತೆ ಕೇಳಿಸುತ್ತದೆ, ಆಟಗಾರರೆಲ್ಲ ಹಾಗೆಯೇ ಅನ್ನುವುದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಂಡಿದ್ದೇನೆ.) ರೋಗ್ ಪಟ್ಟಿಯ ಆರನೇ ಸಾಲಿನಲ್ಲಿ ಬೇಸ್ ಅಟ್ಯಾಕ್ ಬೋನಸ್, ಅಂದರೆ ಏಟು ತಗಲಿತೇ ಎಂದು ನೋಡಲು ದಾಳಕ್ಕೆ ಕೂಡಿಸುವ ಅಂಕ, +4 ಎಂದಿದೆ, ವಿಝರ್ಡ್ ಪಟ್ಟಿಯ ಮೂರನೇ ಸಾಲಿನಲ್ಲಿ +1. ಕೂಡಿದರೆ +5. ಈ ಬೋನಸ್ +6 ಮುಟ್ಟಿದವರಿಗೆ ಒಂದೇ ಸರದಿಯಲ್ಲಿ ಎರಡನೇ ಹೊಡೆತದ ಹಕ್ಕು ದೊರೆಯುತ್ತದೆ. ನಮ್ಮ ಪಾತ್ರಕ್ಕೆ ಅದು ಒಂದೇ ಅಂಕದಿಂದ ತಪ್ಪಿಹೋಯಿತು. ಆದರೆ ಆ ಅಂಕಗಳು ಎಲ್ಲಿಂದ ಬಂದವೆಂದು ಕೆದಕಿ ನೋಡಿ: ರೋಗ್‌ಗೆ ಲೆವೆಲ್ಲಿಗೆ ಮುಕ್ಕಾಲರಂತೆ ನಾಲ್ಕೂವರೆ, ವಿಝರ್ಡ್‌ಗೆ ಅರ್ಧದಂತೆ ಒಂದೂವರೆ, ಒಟ್ಟು ಸರಿಯಾಗಿ ಆರು. ಎರಡು ಪಟ್ಟಿಗಳೂ ತಮ್ಮ ತಮ್ಮ ಪಾಲಿನ ಅರ್ಧವನ್ನು, ಚಿಲ್ಲರೆ ಇಲ್ಲವೆನ್ನುವ ಅಂಗಡಿಯವರ ಹಾಗೆ, ತಮ್ಮಲ್ಲೇ ಉಳಿಸಿಕೊಂಡವು. ಎರಡು ಅಂಗಡಿಯ ಚಿಲ್ಲರೆ ಸೇರಿದರೆ ಒಂದು ಹೊಡೆತ.

ಇದು ಅಚ್ಚಿನ ತಪ್ಪಲ್ಲ. ಹೋರಾಡುವ ಸಾಮರ್ಥ್ಯ ಪಾತ್ರದ ವೃತ್ತಿಗೆ, ಅಂದರೆ ಕ್ಲಾಸ್‌ಗೆ, ಸೇರಿದ್ದೋ ಅಥವಾ ಆ ವೃತ್ತಿಗಳನ್ನು ಹೊತ್ತು ತಿರುಗುವ ವ್ಯಕ್ತಿಗೆ ಸೇರಿದ್ದೋ ಎಂಬ ಪ್ರಶ್ನೆಗೆ ಆಟದ ವಿನ್ಯಾಸಕರು ಐವತ್ತು ವರ್ಷಗಳಲ್ಲಿ ಕೊಟ್ಟ ಉತ್ತರಗಳ ಸಾಲಿನಲ್ಲಿ ಇದೂ ಒಂದು. ನನ್ನ ಮಟ್ಟಿಗೆ ಅದು ಆ ಸಾಲಿನ ಅತ್ಯಂತ ಧೈರ್ಯದ ಉತ್ತರ, ಅತ್ಯಂತ ಅಜಾಗರೂಕ ಉತ್ತರವೂ ಹೌದು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಕೂಡುವ ಪ್ರಶ್ನೆಯೇ ಇರಲಿಲ್ಲ. ಇದ್ದವು ಮೂರೇ ಕ್ಲಾಸ್‌ಗಳು: ಫೈಟಿಂಗ್ ಮ್ಯಾನ್ (ಯೋಧ), ಮ್ಯಾಜಿಕ್ ಯೂಸರ್ (ಮಾಂತ್ರಿಕ), ಕ್ಲೆರಿಕ್ (ಪುರೋಹಿತ). ಎರಡು ದೋಣಿಗಳಲ್ಲಿ ಕಾಲಿಡುವ ಅವಕಾಶ ಮುಖ್ಯವಾಗಿ ಎಲ್ಫ್ ಎಂಬ ಮನುಷ್ಯೇತರ ಜನಾಂಗದವರಿಗಿತ್ತು. ಎಲ್ಫ್ ಪಾತ್ರವು ಒಂದು ಸಾಹಸಕ್ಕೆ ಯೋಧನಾಗಿಯೂ ಮುಂದಿನದಕ್ಕೆ ಮಾಂತ್ರಿಕನಾಗಿಯೂ ಹೊರಡಬಹುದಾಗಿತ್ತು, ಆದರೆ ಆಟದ ನಡುವೆ ಟೋಪಿ ಬದಲಿಸುವಂತಿರಲಿಲ್ಲ. ಎದುರಾಳಿಗೆ ಏಟು ತಗಲಿತೇ ಎಂದು ನಿರ್ಧರಿಸುವ ಕೋಷ್ಟಕದಲ್ಲಿ ಯೋಧ ಮೂರು ಲೆವೆಲ್‌ಗಳಿಗೊಮ್ಮೆ, ಕ್ಲೆರಿಕ್ ನಾಲ್ಕಕ್ಕೊಮ್ಮೆ, ಮಾಂತ್ರಿಕ ಐದಕ್ಕೊಮ್ಮೆ ಮೇಲಿನ ಮೆಟ್ಟಿಲಿಗೆ ಏರುತ್ತಿದ್ದರು. ಹೀಗೆ ಬೇರೆ ಬೇರೆ ವೇಗದಲ್ಲಿ ಏರುವ ಮೆಟ್ಟಿಲುಗಳು ಅಂದೇ ಇದ್ದವೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ತಕರಾರಿನ ಬೀಜ ಅಲ್ಲಿದೆ.

1978ರ ಅಡ್ವಾನ್ಸ್ಡ್ ಆವೃತ್ತಿಯ ಹೊತ್ತಿಗೆ ನಿಯಮ ಗಟ್ಟಿಯಾಯಿತು. ಮನುಷ್ಯೇತರ ಪಾತ್ರಗಳು ಎರಡು ಮೂರು ಕ್ಲಾಸ್‌ಗಳನ್ನು ಏಕಕಾಲಕ್ಕೆ ನಡೆಸಬಹುದು, ಗಳಿಸಿದ ಅನುಭವದ ಅಂಕಗಳು ಅವುಗಳ ನಡುವೆ ಸಮನಾಗಿ ಹಂಚಿಹೋಗುತ್ತವೆ. ಮನುಷ್ಯರಿಗೆ ಬೇರೆಯೇ ದಾರಿ: ಹಳೆಯ ಕ್ಲಾಸ್ ಅನ್ನು ಅಲ್ಲಿಗೇ ನಿಲ್ಲಿಸಿ ಹೊಸದನ್ನು ಒಂದನೇ ಲೆವೆಲ್ಲಿನಿಂದ ಆರಂಭಿಸಬೇಕು, ಹೊಸದು ಹಳೆಯದನ್ನು ದಾಟುವವರೆಗೆ ಹಳೆಯ ವಿದ್ಯೆಯನ್ನು ಬಳಸಿದರೆ ಆ ಸಂದರ್ಭದ ಅನುಭವಕ್ಕೆ ಕತ್ತರಿ. ಹೊಡೆತದ ವಿಷಯದಲ್ಲಿ ಮಲ್ಟಿಕ್ಲಾಸ್ ಪಾತ್ರ ಕೂಡುವುದು ಕಳೆಯುವುದು ಏನನ್ನೂ ಮಾಡಬೇಕಿರಲಿಲ್ಲ. ತನ್ನ ಕ್ಲಾಸ್‌ಗಳಲ್ಲಿ ಯಾವುದರ ಅಂಕ ಉತ್ತಮವೋ ಅದನ್ನು ತೆಗೆದುಕೊಂಡರೆ ಮುಗಿಯಿತು.

ಈ ‘ಉತ್ತಮವಾದುದನ್ನು ಆರಿಸಿಕೋ’ ಪದ್ಧತಿ ಎಷ್ಟು ಉದಾರವಾಗಿತ್ತು ಎಂಬುದು 1989ರ ಎರಡನೇ ಆವೃತ್ತಿಯ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಮಾನದಂಡ ಥ್ಯಾಕೋ, ಅಂದರೆ ಆರ್ಮರ್ ಕ್ಲಾಸ್ (ರಕ್ಷಣೆಯ ಅಂಕ) ಸೊನ್ನೆ ಇರುವ ಎದುರಾಳಿಗೆ ಏಟು ಹಾಕಲು ಇಪ್ಪತ್ತು ಮುಖದ ದಾಳದಲ್ಲಿ ಬೀಳಬೇಕಾದ ಸಂಖ್ಯೆ. ಅದು ಕಡಿಮೆಯಾದಷ್ಟೂ ಪಾತ್ರ ಬಲಶಾಲಿ. ಎಲ್ಲರೂ 20ರಿಂದ ಆರಂಭಿಸುತ್ತಾರೆ, ಯೋಧನಿಗೆ ಪ್ರತಿ ಲೆವೆಲ್ಲಿಗೂ ಒಂದು ಇಳಿಯುತ್ತದೆ, ಮಾಂತ್ರಿಕನಿಗೆ ಮೂರು ಲೆವೆಲ್‌ಗಳಿಗೊಂದು. ಈಗ 16,000 ಅನುಭವದ ಅಂಕ ಗಳಿಸಿದ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ. ಬರೀ ಫೈಟರ್ ಆಗಿದ್ದವನು ಐದನೇ ಲೆವೆಲ್ಲಿನಲ್ಲಿದ್ದಾನೆ, ಥ್ಯಾಕೋ 16. ಫೈಟರ್ ಮತ್ತು ಮಾಂತ್ರಿಕ ಎರಡೂ ಆಗಿರುವ ಎಲ್ಫ್‌ಗೆ ತಲಾ 8,000 ಬಂದಿರುವುದರಿಂದ ಆತ ನಾಲ್ಕನೇ ಲೆವೆಲ್ಲಿನ ಫೈಟರ್, ಮೂರನೇ ಲೆವೆಲ್ಲಿನ ಮಾಂತ್ರಿಕ, ಥ್ಯಾಕೋ 17. ಮುಂದಿನ ಲೆವೆಲ್ಲಿಗೆ ಬೇಕಾದ ಅನುಭವ ಪ್ರತಿ ಸಲವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿದ್ದುದರಿಂದ, ಅರ್ಧ ಅನುಭವವನ್ನು ಬಿಟ್ಟುಕೊಟ್ಟವನು ಕಳೆದುಕೊಂಡದ್ದು ಒಂದೇ ಒಂದು ಮೆಟ್ಟಿಲು, ಪಡೆದದ್ದು ಇಡೀ ಮಂತ್ರವಿದ್ಯೆ. ಹೊಡೆತದಲ್ಲಿ ಶೇಕಡಾ 5ರಷ್ಟು ವ್ಯತ್ಯಾಸಕ್ಕೆ ಇದು ಬಲು ಅಗ್ಗದ ವ್ಯಾಪಾರ. ಮನುಷ್ಯೇತರ ಜನಾಂಗಗಳಿಗೆ ಲೆವೆಲ್ಲಿನ ಗರಿಷ್ಠ ಮಿತಿ ಹೇರಿದ್ದು ಇದಕ್ಕೆ ಒಂದು ತಡೆಯಾಗಿತ್ತು, ಆದರೆ ಆಟ ಅಷ್ಟು ದೂರ ಸಾಗಿದರೆ ಮಾತ್ರ ಅದು ನಾಟುತ್ತಿತ್ತು.

1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಈ ಆಟದ ಮೂಲ ಪ್ರಕಾಶಕರಾದ ಟಿಎಸ್‌ಆರ್ ಅನ್ನು ಕೊಂಡಿತು. 2000ದಲ್ಲಿ ಮಾಂಟಿ ಕುಕ್, ಜೊನಾಥನ್ ಟ್ವೀಟ್ ಮತ್ತು ಸ್ಕಿಪ್ ವಿಲಿಯಮ್ಸ್ ರೂಪಿಸಿದ ಮೂರನೇ ಆವೃತ್ತಿ ಬಂದಾಗ ಹಳೆಯ ಕಟ್ಟಡದ ಗೋಡೆಗಳನ್ನೇ ಕೆಡವಿದಂತಾಯಿತು. ಮನುಷ್ಯ, ಎಲ್ಫ್ ಎಂಬ ಭೇದವಿಲ್ಲದೆ ಯಾರು ಬೇಕಾದರೂ ಪ್ರತಿ ಲೆವೆಲ್ಲಿಗೂ ತಮಗಿಷ್ಟವಾದ ಕ್ಲಾಸ್ ಆರಿಸಿಕೊಳ್ಳಬಹುದು. ಲೆವೆಲ್‌ಗಳು ಇಟ್ಟಿಗೆಗಳು, ಪಾತ್ರ ಅವುಗಳಿಂದ ಕಟ್ಟಿದ ಗೋಡೆ. ಥ್ಯಾಕೋ ಹೋಗಿ, ದಾಳಕ್ಕೆ ಕೂಡಿಸುವ ಬೇಸ್ ಅಟ್ಯಾಕ್ ಬೋನಸ್ ಬಂತು. ಅದು ಏರುವ ದಾರಿಗಳು ಮೂರೇ: ಫೈಟರ್, ಪ್ಯಾಲಡಿನ್‌ರಂಥವರಿಗೆ ಲೆವೆಲ್ಲಿಗೆ ಪೂರ್ಣ ಒಂದು, ರೋಗ್, ಕ್ಲೆರಿಕ್, ಬಾರ್ಡ್‌ರಂಥವರಿಗೆ ಮುಕ್ಕಾಲು, ವಿಝರ್ಡ್ ಮತ್ತು ಸಾರ್ಸರರ್‌ಗೆ ಅರ್ಧ. ಮಲ್ಟಿಕ್ಲಾಸ್ ಪಾತ್ರ ತನ್ನ ಎಲ್ಲ ಕ್ಲಾಸ್‌ಗಳ ಬೋನಸ್‌ಗಳನ್ನು ಕೂಡಿಕೊಳ್ಳಬೇಕು. ಹಿಂದೆ ಫೈಟರ್ 4, ಮಾಂತ್ರಿಕ 3 ಎಂದರೆ ಐದನೇ ಲೆವೆಲ್ಲಿನ ಯೋಧನ ಸರಿಸಮ ಗೆಳೆಯ. ಈಗ ಅದೇ ಹೆಸರಿನ ಪಾತ್ರ ಏಳನೇ ಲೆವೆಲ್ಲಿನವನು, ಬೋನಸ್ +5, ಪಕ್ಕದಲ್ಲಿ ನಿಂತ ಏಳನೇ ಲೆವೆಲ್ಲಿನ ಫೈಟರ್‌ಗೆ +7. ಬೆಲೆ ಏರಿತು, ಆದರೆ ನ್ಯಾಯವಾಗಿಯೇ ಏರಿತು ಅನ್ನಬೇಕು.

ತೊಂದರೆಯಾದದ್ದು ಕೂಡುವ ತತ್ತ್ವದಿಂದಲ್ಲ, ಯಾವಾಗ ಕೂಡಬೇಕು ಎಂಬುದರಿಂದ. ಪ್ರತಿ ಕ್ಲಾಸ್‌ನ ಪುಟದಲ್ಲೂ ಪೂರ್ಣಾಂಕಗಳ ಕೋಷ್ಟಕ ಅಚ್ಚಾಗಿತ್ತು, ಅಂದರೆ ಭಿನ್ನರಾಶಿಯನ್ನು ಕತ್ತರಿಸಿದ ಮೇಲೆ ಆಟಗಾರ ಕೂಡುತ್ತಿದ್ದ. ಒಂದೇ ಕ್ಲಾಸ್‌ನಲ್ಲಿ ಉಳಿದವನಿಗೆ ಬಿಟ್ಟುಹೋದ ಕಾಲು, ಮುಕ್ಕಾಲು ಮುಂದಿನ ಲೆವೆಲ್‌ಗಳಲ್ಲಿ ಮರಳಿ ಬರುತ್ತಿತ್ತು. ಕ್ಲಾಸ್ ಬದಲಿಸಿದವನಿಗೆ ಅದು ಶಾಶ್ವತವಾಗಿ ನಷ್ಟ. ರೋಗ್, ಕ್ಲೆರಿಕ್, ಬಾರ್ಡ್, ಡ್ರುಯಿಡ್ ನಾಲ್ಕರಲ್ಲೂ ಒಂದೊಂದೇ ಲೆವೆಲ್ ಪಡೆದವನ ಬೋನಸ್ ಸೊನ್ನೆ. ನಾಲ್ಕು ಸಲ ಮುಕ್ಕಾಲು ಅಂದರೆ ಮೂರು, ಇಲ್ಲಿ ಮಾತ್ರ ಸೊನ್ನೆ. ಅದೇ ಹೊತ್ತಿಗೆ ಗ್ರಂಥಾಲಯ ಬಿಟ್ಟು ಕದಲದ ನಾಲ್ಕನೇ ಲೆವೆಲ್ಲಿನ ವಿಝರ್ಡ್‌ಗೆ +2. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ಹಳೆಯ ಕಾಲದ ಮೇಷ್ಟ್ರಿಗೆ ಈ ಪುಟ ತೋರಿಸಿದ್ದರೆ ಬೆತ್ತ ಹುಡುಕುತ್ತಿದ್ದರು.

ವಿಚಿತ್ರವೆಂದರೆ ಅದೇ ಪುಟದ ಮುಂದಿನ ಕಾಲಮ್ಮುಗಳಲ್ಲಿ ತಪ್ಪು ತಿರುಗಿ ನಿಂತಿತ್ತು. ವಿಷ, ಮಂತ್ರಗಳಿಂದ ಪಾರಾಗಲು ಎಸೆಯುವ ಸೇವಿಂಗ್ ಥ್ರೋಗಳಲ್ಲಿ ‘ಉತ್ತಮ’ ದರ್ಜೆಯದು ಒಂದನೇ ಲೆವೆಲ್ಲಿಗೇ +2 ಕೊಡುತ್ತಿತ್ತು; ಅದು ವೃತ್ತಿಯ ಮೊದಲ ತರಬೇತಿಗೆ ಕೊಟ್ಟ ಮುಂಗಡ. ಫೈಟರ್, ಬಾರ್ಬೇರಿಯನ್, ರೇಂಜರ್, ಪ್ಯಾಲಡಿನ್ ನಾಲ್ಕರಲ್ಲೂ ಒಂದೊಂದು ಲೆವೆಲ್ ಪಡೆದವನಿಗೆ ಮುಂಗಡ ನಾಲ್ಕು ಬಾರಿ ಸಿಕ್ಕು ದೇಹದ ತಾಳಿಕೆಯ ಥ್ರೋ ಆದ ಫಾರ್ಟಿಟ್ಯೂಡ್ +8 ಆಗುತ್ತಿತ್ತು. ನಿಷ್ಠೆಯಿಂದ ಫೈಟರ್ ಆಗಿಯೇ ಉಳಿದವನು ಆ ಅಂಕ ಕಾಣಬೇಕಾದರೆ ಹನ್ನೆರಡನೇ ಲೆವೆಲ್ಲಿನವರೆಗೆ ಕಾಯಬೇಕು. ಹೀಗೆ ಒಂದೇ ನಿಯಮ ಯೋಧವೃತ್ತಿಗಳ ನಡುವೆ ಜಿಗಿಯುವವನನ್ನು ಸಾಕುತ್ತಿತ್ತು, ಮಧ್ಯಮ ವೃತ್ತಿಗಳ ನಡುವೆ ಜಿಗಿಯುವವನನ್ನು ಸೊರಗಿಸುತ್ತಿತ್ತು. ಒಂದೊಂದು ಲೆವೆಲ್ ರುಚಿ ನೋಡಿ ಮುಂದೆ ಹೋಗುವ, ಆಟಗಾರರು ‘ಡಿಪ್’ ಎಂದು ಕರೆಯುವ ಚಾಳಿ ಬೆಳೆದದ್ದು ಈ ಮಣ್ಣಿನಲ್ಲಿ.

ಇಪ್ಪತ್ತನೇ ಲೆವೆಲ್ ದಾಟಿದ ಮೇಲಿನ ಆಟಕ್ಕಾಗಿ 2002ರಲ್ಲಿ ಬಂದ ನಿಯಮಗಳು ಇನ್ನೊಂದು ತಮಾಷೆ ಸೇರಿಸಿದವು. 20ರ ನಂತರ ಬೇಸ್ ಅಟ್ಯಾಕ್ ಬೋನಸ್ ಸ್ಥಗಿತಗೊಂಡು, ಕ್ಲಾಸ್ ಯಾವುದೇ ಇರಲಿ, ಎಲ್ಲರಿಗೂ ಎರಡು ಲೆವೆಲ್ಲಿಗೊಂದರಂತೆ ಎಪಿಕ್ ಬೋನಸ್ ಸೇರುತ್ತದೆ. ಮೊದಲು 20 ಲೆವೆಲ್ ಫೈಟರ್ ಆಗಿ ಆಮೇಲೆ 20 ಲೆವೆಲ್ ವಿಝರ್ಡ್ ಆದವನಿಗೆ ಒಟ್ಟು +30. ಮೊದಲು ವಿಝರ್ಡ್ ಆಗಿ ಆಮೇಲೆ ಫೈಟರ್ ಆದವನಿಗೆ +20. ಕೂಡುವ ಲೆಕ್ಕದಲ್ಲಿ ಕ್ರಮ ಬದಲಾದರೆ ಮೊತ್ತ ಬದಲಾಗದು ಎಂದು ಕಲಿತವರು ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಪರಿಹಾರ ಬೇಗನೆ ಬಂತು, ಆದರೆ ಐಚ್ಛಿಕವಾಗಿ. 2004ರ ಅನ್‌ಅರ್ಥ್ಡ್ ಆರ್ಕೇನಾ ಎಂಬ ಪರ್ಯಾಯ ನಿಯಮಗಳ ಪುಸ್ತಕ ಭಿನ್ನರಾಶಿಗಳನ್ನು ಹಾಗೆಯೇ ಉಳಿಸಿಕೊಂಡು ಕೂಡಿ, ಕೊನೆಯಲ್ಲಿ ಒಂದೇ ಸಲ ಕತ್ತರಿಸುವ ಕೋಷ್ಟಕ ಕೊಟ್ಟಿತು. ಅದರಂತೆ ನಮ್ಮ ರೋಗ್ 6, ವಿಝರ್ಡ್ 3ಕ್ಕೆ +6 ಬಂದು, +1 ಬೋನಸ್ಸಿನ ಎರಡನೇ ಹೊಡೆತವೂ ದಕ್ಕುತ್ತದೆ. ಮೂರನೇ ಆವೃತ್ತಿಯ ಮುಕ್ತ ಪರವಾನಗಿಯ ನಿಯಮಗಳ ಮೇಲೆ ಪೈಝೋ ಸಂಸ್ಥೆ 2009ರಲ್ಲಿ ಕಟ್ಟಿದ ಪಾಥ್‌ಫೈಂಡರ್ ಹಳೆಯ ಪದ್ಧತಿಯನ್ನೇ ಮುಂದುವರಿಸಿತು. 2015ರ ಪಾಥ್‌ಫೈಂಡರ್ ಅನ್‌ಚೈನ್ಡ್‌ನಲ್ಲಿ ಭಿನ್ನರಾಶಿ ಪದ್ಧತಿಯನ್ನು ಪರ್ಯಾಯವಾಗಿ ನೀಡಿ, ಸೇವಿಂಗ್ ಥ್ರೋದ ಆ +2 ಮುಂಗಡ ಒಮ್ಮೆ ಮಾತ್ರ ಎಂದೂ ಹೇಳಿತು. ಲೆಕ್ಕದ ದೃಷ್ಟಿಯಿಂದ ಇದಕ್ಕಿಂತ ಸರಿಯಾದ ಉತ್ತರವಿಲ್ಲ. ಆದರೂ ಅದು ಮುಖ್ಯ ನಿಯಮವಾಗಲಿಲ್ಲ, ಏಕೆಂದು ಊಹಿಸುವುದು ಕಷ್ಟವಲ್ಲ: ಪುಸ್ತಕ ಕೊಳ್ಳುವವರಲ್ಲಿ ಬಹಳಷ್ಟು ಜನ ಒಂದೇ ಕ್ಲಾಸ್‌ನ ಪಾತ್ರ ಆಡುವವರು, ಅವರ ಪುಟದಲ್ಲಿ ಮೂರೂ ಮುಕ್ಕಾಲು ಎಂದು ಅಚ್ಚು ಹಾಕಿದರೆ ಅದು ಅವರಿಗೆ ಬರೀ ಕಿರಿಕಿರಿ.

ಮುಂದಿನ ಆವೃತ್ತಿಗಳು ಲೆಕ್ಕವನ್ನು ತಿದ್ದುವ ಬದಲು ಪ್ರಶ್ನೆಯನ್ನೇ ತೆಗೆದುಹಾಕಿದವು. 2008ರ ನಾಲ್ಕನೇ ಆವೃತ್ತಿಯಲ್ಲಿ ಎಲ್ಲರಿಗೂ ಲೆವೆಲ್ಲಿನ ಅರ್ಧದಷ್ಟು ಬೋನಸ್, ಮಲ್ಟಿಕ್ಲಾಸ್ ಎಂಬುದು ಫೀಟ್ ಎಂಬ ಕೆಲವು ವಿಶೇಷ ಕೌಶಲಗಳ ಮೂಲಕ ಬೇರೆ ಕ್ಲಾಸ್‌ನ ವಿದ್ಯೆಯನ್ನು ಎರವಲು ಪಡೆಯುವುದಷ್ಟೆ. 2014ರ ಐದನೇ ಆವೃತ್ತಿಯಲ್ಲಿ ಇಟ್ಟಿಗೆ ಜೋಡಿಸುವ ಸ್ವಾತಂತ್ರ್ಯ ಮರಳಿ ಬಂತು, ಆದರೆ ಹೊಡೆತದ ದಾಳಕ್ಕೆ ಕೂಡಿಸುವ ಪ್ರಾಫಿಷಿಯೆನ್ಸಿ ಬೋನಸ್ ಪಾತ್ರದ ಒಟ್ಟು ಲೆವೆಲ್ಲಿಗೆ ಕಟ್ಟಿದ್ದು: +2ರಿಂದ ಆರಂಭವಾಗಿ ನಾಲ್ಕು ಲೆವೆಲ್‌ಗಳಿಗೊಮ್ಮೆ ಏರಿ 17ನೇ ಲೆವೆಲ್ಲಿಗೆ +6. ಸಾಮರ್ಥ್ಯ ವ್ಯಕ್ತಿಗೆ ಸೇರಿದ್ದು ಎಂಬ ತೀರ್ಮಾನ ಇದು.

ಹಾಗೆಂದು ವ್ಯಾಜ್ಯ ಮುಗಿಯಲಿಲ್ಲ, ಬೇರೆ ಕೋಣೆಗೆ ಹೋಯಿತು. ಎರಡನೇ ಹೊಡೆತ ಈಗ ಬೋನಸ್ಸಿನಿಂದ ಬರುವುದಿಲ್ಲ. ಫೈಟರ್, ಬಾರ್ಬೇರಿಯನ್ ಮೊದಲಾದವರ ಐದನೇ ಲೆವೆಲ್ಲಿನಲ್ಲಿ ಎಕ್ಸ್‌ಟ್ರಾ ಅಟ್ಯಾಕ್ ಎಂಬ ಹೆಸರಿನಿಂದ ಬರುತ್ತದೆ, ಮತ್ತು ಅದು ಒಂದರ ಮೇಲೊಂದು ಕೂಡುವುದಿಲ್ಲವೆಂದು ನಿಯಮ ನೇರವಾಗಿ ಹೇಳುತ್ತದೆ. ಫೈಟರ್ 5, ಬಾರ್ಬೇರಿಯನ್ 5 ಆದವನಿಗೆ ಹೊಡೆತಗಳು ಎರಡೇ. ಈ ನಿಯಮಗಳನ್ನು ಆಧರಿಸಿ 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟದಲ್ಲಿ ವಾರ್‌ಲಾಕ್‌ಗೆ ಸಿಗುವ ಹೆಚ್ಚುವರಿ ಹೊಡೆತ ಬೇರೆ ಕ್ಲಾಸ್‌ನದರೊಂದಿಗೆ ಕೂಡಿಕೊಂಡು ಮೂರಾಗುತ್ತಿತ್ತು; ಅದೇ ವರ್ಷದ ಕೊನೆಗೆ ಸೇರಿಸಿದ ಕಠಿಣವಾದ ಆನರ್ ಮೋಡ್‌ನಲ್ಲಿ ಆ ಕೂಡಿಕೆಯನ್ನು ನಿಲ್ಲಿಸಲಾಯಿತು.

ಚಿಲ್ಲರೆಯ ಪ್ರಶ್ನೆ ಕೂಡ ಮಂತ್ರಗಳ ಲೆಕ್ಕದಲ್ಲಿ ಜೀವಂತವಾಗಿದೆ. ಮಂತ್ರ ಬಲ್ಲ ಕ್ಲಾಸ್‌ಗಳು ಎರಡು ಮೂರಿರುವ ಪಾತ್ರದ ಸ್ಪೆಲ್ ಸ್ಲಾಟ್‌ಗಳನ್ನು, ಅಂದರೆ ಎಷ್ಟು ಸಲ ಮಂತ್ರ ಹಾಕಬಹುದೆಂಬುದನ್ನು, ತಿಳಿಯಲು ಪ್ಯಾಲಡಿನ್ ಮತ್ತು ರೇಂಜರ್ ಲೆವೆಲ್‌ಗಳ ಅರ್ಧವನ್ನು ಕೂಡಬೇಕು. 2014ರ ಪುಸ್ತಕ ಆ ಅರ್ಧವನ್ನು ಕೆಳಕ್ಕೆ ಕತ್ತರಿಸಲು ಹೇಳಿದರೆ, 2024ರ ಪರಿಷ್ಕೃತ ಪುಸ್ತಕ ಮೇಲಕ್ಕೆ ಏರಿಸಲು ಹೇಳುತ್ತದೆ. ಪ್ಯಾಲಡಿನ್ 3, ರೇಂಜರ್ 3 ಆದವನ ಲೆಕ್ಕ ನೋಡಿ. ಎರಡನ್ನೂ ಮೊದಲು ಕೂಡಿ ಅರ್ಧ ಮಾಡಿದರೆ ಎರಡೂ ಪುಸ್ತಕಗಳಲ್ಲಿ 3. ಒಂದೊಂದನ್ನೂ ಬೇರೆಯಾಗಿ ಅರ್ಧ ಮಾಡಿದರೆ ಹಳೆಯದರಲ್ಲಿ 2, ಹೊಸದರಲ್ಲಿ 4. ಬೇರೆ ಬೇರೆಯಾಗಿ ಕತ್ತರಿಸಬೇಕೆಂದು ಹತ್ತು ವರ್ಷ ಹಟ ಹಿಡಿದ ಡಂಜನ್ ಮಾಸ್ಟರ್ (ಆಟ ನಡೆಸುವವನು), ಅದೇ ಹಟಕ್ಕಾಗಿ ಈಗ ಆಟಗಾರನಿಗೆ ಒಂದು ಲೆವೆಲ್ ಹೆಚ್ಚಿಗೆ ಕೊಡಬೇಕಾಗಿದೆ.